ಕಾಗುಣಿತ ಮಾತ್ರ ಸರಿಯಿತ್ತು

ಈ ವರ್ಷ ಜನವರಿ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ, ಸುಳ್ಯದ ಒಂದು ವಾಚನಾಲಯದಲ್ಲಿ, ನನ್ನ ಸೋದರಮಾವ ತಮಗೆ ಹೊದೆಸಲು ತಂದ ಶಾಲನ್ನು ಹೊದೆಸಿಕೊಳ್ಳಲಿಲ್ಲ. ಅರುವತ್ತು ಜನರಾದರೂ ಅದನ್ನು ನೋಡಿದರು. ನಾನು ಎರಡನೆಯ ಸಾಲಿನಲ್ಲಿದ್ದೆ.

ತಪ್ಪಿನಲ್ಲಿ ನನ್ನ ಪಾಲಿತ್ತು. ಮಾವ ಅಜ್ಜಾವರದವರು, ಎಂಬತ್ತು ದಾಟಿದವರು. ವಾಯುಪಡೆಯಲ್ಲಿ ಹದಿನೆಂಟು ವರ್ಷ ಯುದ್ಧವಿಮಾನಗಳ ಮೆಕ್ಯಾನಿಕ್ ಆಗಿದ್ದರು. ವಾಚನಾಲಯದವರು ತಿಂಗಳಿಗೊಂದು ಹಳೆಯ ಸಿನಿಮಾ ತೋರಿಸುತ್ತಾರೆ. ಜನವರಿಯದ್ದು ಯುದ್ಧವಿಮಾನ ಹಾರಿಸುವವರ ಕತೆಯ, ಕಪ್ಪುಬಿಳುಪಿನ ಹಾಲಿವುಡ್ ಚಿತ್ರ. ಅದರ ಜೊತೆಗೆ ಊರಿನವರೇ ಆದ ಒಬ್ಬರಿಗೆ ಸನ್ಮಾನ ಇರಲಿ ಎಂದು ಕಾರ್ಯದರ್ಶಿ ಹೊರಟರು. ನಾನು ಪುತ್ತೂರಿನಲ್ಲಿ ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರ ಕರಡು ತಿದ್ದಿದವಳು. ಆ ಕಾರಣಕ್ಕೆ ಆಮಂತ್ರಣದ ಕರಡು ನನ್ನ ವಾಟ್ಸಪ್ಪಿಗೆ ಬಂತು. ಅದರಲ್ಲಿ ಮಾವನ ಹೆಸರಿನ ಕೆಳಗೆ ‘ಮಾಜಿ ಯುದ್ಧವಿಮಾನ ಪೈಲೇಟ್’ ಎಂದಿತ್ತು. ನಾನು ‘ಪೈಲಟ್’ ಎಂದು ತಿದ್ದಿ ವಾಪಸ್ ಕಳುಹಿಸಿದೆ.

ಮಾವ ಪೈಲಟ್ ಅಲ್ಲ ಎಂಬುದು ಚಿಕ್ಕಂದಿನಿಂದ ನನಗೆ ಗೊತ್ತು. ಕಂಡೂ ಬಿಟ್ಟೆನೋ, ದೀರ್ಘ ತೆಗೆಯುವ ಭರದಲ್ಲಿ ಕಾಣಲೇ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಆಮಂತ್ರಣ ಅಚ್ಚಾಯಿತು. ಅದನ್ನೇ ನೋಡಿ ಬರೆದ ಸುದ್ದಿಯೂ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಗೆಯೇ ಬಂತು.

ಭಾನುವಾರ ಅವರನ್ನು ಕರೆದೊಯ್ಯಲು ಹೋದಾಗ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಸಿದ್ಧರಾಗಿದ್ದರು. ಕಾರಿನಲ್ಲಿ ಆ ದಿನದ ಪೇಪರನ್ನು ಬಿಡಿಸಿ ಬೆರಳಿಟ್ಟು ತೋರಿಸಿದರು.

“ಇದು ಬರೆದದ್ದು ಯಾರು?”

“ಕಾರ್ಯದರ್ಶಿ, ಮಾವ.”

“ಓದಿ ನೋಡಿದ್ದು?”

“ನಾನು.”

“ಹೂಂ,” ಎಂದರು. ಕಾರ್ಯದರ್ಶಿಗೆ ಫೋನ್ ಮಾಡಿ ಹೇಳುತ್ತೇನೆ ಎಂದೆ. “ಎಂತ ಬೇಡ. ಬಾಯಿ ಉಂಟು ನನಗೆ,” ಎಂದರು.

ಸನ್ಮಾನ ಮಧ್ಯಂತರಕ್ಕೆ ಎಂದು ನಿಗದಿಯಾಗಿತ್ತು. ಮಾವನನ್ನು ಮುಂದಿನ ಸಾಲಿನ ನಡುವೆ ಕೂರಿಸಿದರು. ಸಿನಿಮಾ ಶುರುವಾಗಿ ಅರ್ಧ ಗಂಟೆಯಾಗಿರಬೇಕು. ಬೆಳಗಿನ ಹೊತ್ತು, ಸಾಲಾಗಿ ನಿಂತ ವಿಮಾನಗಳು. ಕುತ್ತಿಗೆಗೆ ಬಟ್ಟೆ ಸುತ್ತಿದ ಪೈಲಟ್ ನಗುತ್ತ ಹತ್ತಿ ಕೂರುತ್ತಾನೆ. ಕೆಳಗೆ ಎಣ್ಣೆ ಮೆತ್ತಿದ ಬಟ್ಟೆಯಲ್ಲಿರುವ ಒಬ್ಬಾತ ಬಗ್ಗಿ, ಚಕ್ರಕ್ಕೆ ಅಡ್ಡ ಕೊಟ್ಟ ಮರದ ತುಂಡುಗಳನ್ನು ಹಗ್ಗದಿಂದ ಎಳೆದು, ಪಕ್ಕಕ್ಕೆ ಓಡುತ್ತಾನೆ. ಅವನ ಮುಖ ಕಾಣುವುದಿಲ್ಲ. ವಿಮಾನ ಹೊರಡುತ್ತದೆ.

ಮಾವ ಎದ್ದು ನಿಂತರು. “ಸ್ವಲ್ಪ ಹಿಂದೆ ಹಾಕಿ ಮಾರಾಯ್ರೆ.”

ಲ್ಯಾಪ್‌ಟಾಪ್ ಮುಂದೆ ಕೂತು ಸಿನಿಮಾ ಹಾಕುತ್ತಿದ್ದ ಕಾಲೇಜು ಉಪನ್ಯಾಸಕರೊಬ್ಬರು ಹಿರಿಯರ ಮಾತೆಂದು ಹಿಂದೆ ಹಾಕಿದರು. “ಅಲ್ಲಿ. ನಿಲ್ಲಿಸಿ.” ಮಾವ ಪರದೆಯ ಹತ್ತಿರ ಹೋದರು. ಅವರ ನೆರಳು ವಿಮಾನದ ಮೇಲೆ ಬಿತ್ತು. ಬಗ್ಗಿದವನ ಬೆನ್ನಿನ ಮೇಲೆ ಕೈಯಿಟ್ಟರು.

“ಇಗೊಳ್ಳಿ, ಇದು ನಾನು. ಮೇಲೆ ಕೂತವ ಬೇರೆ.”

ಹಿಂದಿನ ಸಾಲಿನಿಂದ ಒಬ್ಬರು, “ಅಜ್ಜ, ನೀವು ಹಾಲಿವುಡ್ಡಿಗೂ ಹೋಗಿದ್ರಾ?” ಎಂದರು. ಎಲ್ಲರೂ ನಕ್ಕರು.

“ಹೋಗಿದ್ರೆ ನಿನ್ನೊಟ್ಟಿಗೆ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುದು ಯಾಕೆ ಮಾರಾಯ?” ಎಂದರು ಮಾವ. ನಗು ಜೋರಾಯಿತು. ಅವರು ನಗಲಿಲ್ಲ. “ಪೇಪರಿನಲ್ಲಿ ನನ್ನನ್ನು ಪೈಲಟ್ ಮಾಡಿದ್ದಾರೆ. ನಾನು ಒಂದು ದಿನ ಸಹ ಹಾರಿಸಿದವ ಅಲ್ಲ.”

ದೀಪ ಹಾಕಿದರು. ಕಾರ್ಯದರ್ಶಿ ಶಾಲು ಹಿಡಿದುಕೊಂಡೇ ಬಂದರು. “ಇರ್ಲಿ ಅಣ್ಣ. ಪೈಲಟ್ ಅಂದ್ರೆ ಜನರಿಗೆ ಬೇಗ ಗೊತ್ತಾಗ್ತದೆ. ನಿಮಗೆ ಗೌರವವೇ ಅಲ್ವಾ?”

“ಪೈಲಟ್ ಹತ್ತುವ ಮೊದಲು ವಿಮಾನದ ಪುಸ್ತಕದಲ್ಲಿ ನಾನು ಸಹಿ ಹಾಕ್ಬೇಕು. ಎಲ್ಲ ನೋಡಿದ್ದೇನೆ, ಹಾರ್ಬಹುದು ಅಂತ. ನಾನು ಸಹಿ ಹಾಕದೆ ಅವ ಹತ್ತುವ ಹಾಗಿಲ್ಲ, ಎಷ್ಟು ದೊಡ್ಡ ಆಫೀಸರಾದ್ರೂ. ನಾನು ಸಹಿ ಹಾಕಿ ಕಳಿಸಿದ್ದೆಲ್ಲ ವಾಪಸ್ ಬಂದಿದೆ. ಈಗ ಪೈಲಟ್ ಅಂತ ಶಾಲು ಹೊದ್ಕೊಂಡ್ರೆ ಆ ಸಹಿ ಯಾರದ್ದು?”

ಕಾರ್ಯದರ್ಶಿ ಮೈಕಿನಲ್ಲಿ ತಿದ್ದಿ ಹೇಳುವುದಾಗಿ ಒಪ್ಪಿದರು. ಮಾವ ಒಪ್ಪಲಿಲ್ಲ. “ಅಚ್ಚು ಹಾಕಿದ್ದನ್ನು ಬಾಯಲ್ಲಿ ತಿದ್ದುದಾ? ಅಲ್ಲಿ ಕೂತಿದ್ದಾಳಲ್ಲ, ಪೇಪರಿನವಳು. ಕೇಳಿ.”

ನಾನು ಎದ್ದೆ. ಕರಡು ನೋಡಿದ್ದು ನಾನು, ಕಾಗುಣಿತ ತಿದ್ದಿ ಸಂಗತಿ ಬಿಟ್ಟದ್ದು ನಾನು ಎಂದೆ. ಅಚ್ಚಿನ ತಪ್ಪನ್ನು ಅಚ್ಚಿನಲ್ಲೇ ಸರಿ ಮಾಡಬೇಕು ಎಂದೂ ಹೇಳಿದೆ.

“ಅಕ್ಕ, ನೀವೂ ಹೀಗೆ ಮಾಡಿದ್ರೆ ಹೇಗೆ? ಶಾಲಿನೊಟ್ಟಿಗೆ ಕೊಡುವ ಫಲಕದಲ್ಲಿ ಸಹ ಪೈಲಟ್ ಅಂತಲೇ ಕೆತ್ತಿಸಿ ಆಗಿದೆ,” ಎಂದರು ಕಾರ್ಯದರ್ಶಿ.

“ಹಾಗಾದ್ರೆ ಪೈಲಟ್ ಯಾರಾದ್ರೂ ಸಿಕ್ಕಿದಾಗ ಕೊಡಿ,” ಎಂದು ಮಾವ ಕುರ್ಚಿಗೆ ಮರಳಿದರು. “ದೀಪ ತೆಗೀರಿ. ಸಿನಿಮಾ ಅರ್ಧದಲ್ಲಿ ಉಂಟು.”

ಯಾರೂ ಎದ್ದು ಹೋಗಲಿಲ್ಲ. ಮಧ್ಯಂತರದಲ್ಲಿ ಚಹಾ ಮಾತ್ರ ಕೊಟ್ಟರು. ಮಾವ ಕೊನೆಯವರೆಗೆ ನೋಡಿದರು. ಸಿನಿಮಾ ಹೇಗಿತ್ತು ಎಂದು ದಾರಿಯಲ್ಲಿ ಕೇಳಿದೆ.

“ಪೈಲಟ್‌ಗಳು ಚಂದ ಮಾತಾಡ್ತಾರೆ. ಗುಂಡು ತಾಗಿದ ರೆಕ್ಕೆ ಮರುದಿನಕ್ಕೆ ಸರಿಯಾಗಿರ್ತದೆ. ಮಾಡಿದ್ದು ಯಾರು ಅಂತ ಒಬ್ಬ ಸಹ ಕೇಳುದಿಲ್ಲ.”

ಮರುದಿನ ನಾನು ಮೂರು ಸಾಲಿನ ತಿದ್ದುಪಡಿ ಬರೆದು ಎರಡೂ ಪತ್ರಿಕೆಗಳಿಗೆ ಕಳುಹಿಸಿದೆ. ಒಂದರಲ್ಲಿ ಬುಧವಾರ, ಒಳಪುಟದಲ್ಲಿ ಪ್ರಕಟವಾಯಿತು. ಇನ್ನೊಂದರ ಸುದ್ದಿಮನೆಯಿಂದ ಫೋನ್ ಬಂತು: ಹೊಗಳಿಕೆಗೆ ತಿದ್ದುಪಡಿ ಹಾಕುವ ಕ್ರಮ ತಮ್ಮಲ್ಲಿಲ್ಲ ಎಂದರು. ಅವರಿಗೆ ಮಾವನೇ ಕೈಬರಹದಲ್ಲಿ ಪತ್ರ ಬರೆದರು, ಕೆಳಗೆ ಸಹಿಯ ಜೊತೆ ‘ಮೆಕ್ಯಾನಿಕ್’ ಎಂದು ಸೇರಿಸಿ. ಮೂರು ವಾರ ಕಾದು ಎರಡನೆಯ ಪತ್ರ ಬರೆದರು. ಮಾರ್ಚಿನಲ್ಲಿ ಮೂರನೆಯದು.

ಮೂರನೆಯ ಪತ್ರಕ್ಕೂ ಉತ್ತರ ಬಂದಿಲ್ಲ. ಕಳೆದ ಸೋಮವಾರ ಮಾವ ಅಜ್ಜಾವರದ ಅಂಚೆ ಕಚೇರಿಯಿಂದ ನಾಲ್ಕನೆಯದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದರು.