ಬಟ್ಟಲಿಗೆ ಹುಳಿ ಹಿಂಡಿದ ಪ್ರಸಂಗ

ಅಡುಗೆಮನೆಯಲ್ಲಿ ಅರ್ಧ ಹೋಳು ನಿಂಬೆಹಣ್ಣಿನಷ್ಟು ಅನಾಥವಾದ ವಸ್ತು ಇನ್ನೊಂದಿಲ್ಲ. ಮೊದಲ ಹೋಳು ಚಿತ್ರಾನ್ನಕ್ಕೋ ಪಾನಕಕ್ಕೋ ಸೇರಿ ಸದ್ಗತಿ ಪಡೆಯುತ್ತದೆ. ಉಳಿದದ್ದು ಫ್ರಿಜ್ಜಿನ ಬಾಗಿಲಲ್ಲಿ ಮುಖ ಸುಕ್ಕುಗಟ್ಟಿಸಿಕೊಂಡು, ನಿವೃತ್ತನಾದ ನನ್ನ ಹಾಗೆಯೇ, ಯಾರಾದರೂ ಕೆಲಸ ಕೊಟ್ಟಾರೆಂದು ಕಾದು ಕೂತಿರುತ್ತದೆ. ಒಮ್ಮೆ ನಮ್ಮಿಬ್ಬರಿಗೂ ಒಟ್ಟಿಗೇ ಕೆಲಸ ಸಿಕ್ಕಿತು. ಅದರ ಫಲವಾಗಿ ವಡೋದರದ ಮಂಜಲ್‌ಪುರ ಬಡಾವಣೆಯ ನಮ್ಮ ಮನೆಯಲ್ಲಿ ಮಾತುಕತೆ ನಿಂತುಹೋಯಿತು.

ನಾನು ವಿಮಾ ಇಲಾಖೆಯವನು. ಪರರ ಆಪತ್ತನ್ನು ಊಹಿಸಿಯೇ ಸಂಬಳ ಪಡೆದವನಾದ್ದರಿಂದ ನನಗೆ ಫ್ಯಾನು ತಿರುಗುವುದು ಕಂಡರೆ ಅದು ಬೀಳುವುದೇ ಕಾಣುತ್ತದೆ. ನನ್ನ ಹೆಂಡತಿ ಸುಮಿತ್ರೆ ಮೈಸೂರಿನವಳು. ಪ್ರತಿ ವರ್ಗಾವಣೆಯಲ್ಲೂ ಪಿಂಗಾಣಿ ಪಾತ್ರೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ, ಒಡೆದದ್ದನ್ನು ಎಸೆದು, ಮತ್ತೆ ಸುತ್ತಿ ಸುಸ್ತಾದವಳು. ವಡೋದರದಲ್ಲೇ ನೆಲೆಯೂರಿದ ಮೇಲೆ, ಇಷ್ಟು ಕಾಲ ಸುತ್ತಿದ್ದು ಸಾಕು, ಇನ್ನು ಮಾಡುತ್ತೇನೆ ಎಂದು ಊರಿನ ಇನ್ನೊಂದು ಬಡಾವಣೆ ಗೋರ್ವಾದ ಶೆಡ್ಡೊಂದರಲ್ಲಿ ನಡೆಯುವ ಪಿಂಗಾಣಿ ತರಗತಿಗೆ ಸೇರಿದಳು. ಪಾತ್ರೆಗೆ ಬಳಿದು ಸುಡುವ ಮೆರುಗಿನ ಪುಡಿ ಕಲಸುವಾಗ ಮೂಗಿಗೆ ಮಾಸ್ಕು, ಕೈಗೆ ಗವಸು ತೊಟ್ಟು, ಆ ಕೋಣೆಯಲ್ಲಿ ಚಹಾ ಕುಡಿಯುವುದೂ ನಿಷಿದ್ಧವೆಂದು ಅವಳು ವರ್ಣಿಸಿದಾಗ ನನ್ನ ವಿಮಾ ಹೃದಯಕ್ಕೆ ತಂಪೆನಿಸಿತ್ತು. ಕಲಸುವಾಗ ಬೂದಿಯಂತಿದ್ದ ಪುಡಿ ಭಟ್ಟಿಯಿಂದ ನವಿಲಿನ ಬಣ್ಣ ತಾಳಿ ಬರುವ ಮಾಯೆಯನ್ನು ಹೇಳುವಾಗ ಅವಳ ಮುಖದ ಮೆರುಗನ್ನು ನೋಡಬೇಕಿತ್ತು ನೀವು.

ಮೊದಲ ಬಟ್ಟಲು ಮನೆಗೆ ಬಂತು. ಒಳಗೆಲ್ಲ ಉರಿಯುವ ಕಿತ್ತಳೆ ಬಣ್ಣ. ಆ ಬಣ್ಣ ಹೊರಗಿನ ಅಲಂಕಾರಕ್ಕಷ್ಟೇ, ಹುಳಿ ಪದಾರ್ಥ ತಗುಲಿದರೆ ಅದರಲ್ಲಿನ ಲೋಹ ಬಿಟ್ಟುಕೊಳ್ಳಬಹುದು ಎಂದು ಟೀಚರ್ ಹೇಳಿದ್ದರಂತೆ. ಆದರೆ ಉಣ್ಣುವವರಿಗೆ ಕಾಣುವುದು ಬಟ್ಟಲಿನ ಒಳಗಲ್ಲವೇ ಎಂಬುದು ಸುಮಿತ್ರೆಯ ತರ್ಕ. "ಟೀಚರ್ ಗುಜರಾತಿ, ದಾಲಿಗೆ ಬೆಲ್ಲ ಹಾಕೋ ಜನ ಕಣ್ರೀ, ಅವರಿಗೆ ನಮ್ಮ ಹುಳಿ ಅಂದ್ರೇನೇ ಭಯ," ಎಂದು ನಕ್ಕು, ಭಾನುವಾರ ನನಗೆ ಅದರಲ್ಲೇ ನುಗ್ಗೆಕಾಯಿ ಹುಳಿ ಬಡಿಸುವುದಾಗಿ ಸಾರಿದಳು. ಹುಣಸೆಹಣ್ಣು ಧಾರಾಳವಾಗಿ ಬಿದ್ದ ಹುಳಿ. ಉಂಡರೆ ಹೊಟ್ಟೆಯ ಚಿಂತೆ. ಒಲ್ಲೆನೆಂದರೆ, ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ತನ್ನದೆಂದು ಮಾಡಿದ ವಸ್ತುವನ್ನು ನಾನೇ ಒಡೆದಂತೆ.

ಧೈರ್ಯವಿದ್ದವನು ಮಾತಾಡುತ್ತಿದ್ದ. ನಾನು ಶನಿವಾರ ಫ್ರಿಜ್ಜಿನ ಅನಾಥ ಹೋಳನ್ನು ಬಟ್ಟಲಿನ ತಳಕ್ಕೆ ಕವುಚಿ, ಬಾಲ್ಕನಿಯ ತುಳಸಿ ಕುಂಡದ ಹಿಂದೆ ಬಚ್ಚಿಟ್ಟೆ. ರಾತ್ರಿಯಿಡೀ ನಿಂಬೆ ತಗುಲಿ ಬಣ್ಣ ಮಾಸಿದರೆ ಬಟ್ಟಲು ಊಟಕ್ಕೆ ಸಲ್ಲದು ಎಂಬ ಜ್ಞಾನ ಫೋನಿನಿಂದ ಸಂಪಾದಿಸಿದ್ದು. ಆದರೆ ತುಳಸಿಯ ಪಕ್ಕ ಕೊಯ್ದ ನಿಂಬೆಹಣ್ಣು ಕಂಡರೆ ಯಾರಿಗೆ ತಾನೇ ರಸಾಯನಶಾಸ್ತ್ರ ನೆನಪಾಗುತ್ತದೆ? ಬೆಳಿಗ್ಗೆ ಪಕ್ಕದ ಬಾಲ್ಕನಿಯ ಜ್ಯೋತ್ಸ್ನಾಬೆನ್, ಸುಮಿತ್ರೆಯನ್ನು ಕರೆದು ದನಿ ತಗ್ಗಿಸಿ, "ಕೋನಿ ನಜರ್ ಲಾಗಿ, ಬೆನ್?" ಎಂದರು. ಯಾರ ದೃಷ್ಟಿ ತಗುಲಿತೆಂದು ಪಾಪ, ಅವರಿಗೆ ಕಳವಳ.

ದೃಷ್ಟಿ ನನ್ನದೇ ಎಂದು ಸುಮಿತ್ರೆಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಹೋಳನ್ನೆತ್ತಿದಳು. ಕಿತ್ತಳೆಯ ನಡುವೆ ಒಂದು ಬಿಳಿಚಿದ ಚಂದ್ರ. ಬಟ್ಟಲಿನ ಬಣ್ಣ ಬಯಲಾಗಿತ್ತು, ಜೊತೆಗೇ ನನ್ನದೂ.

"ಬಾಯಿಬಿಟ್ಟು ಹೇಳಬಾರದಿತ್ತಾ? ನಿಂಬೆಹಣ್ಣಿನ ಕೈಲಿ ಹೇಳಿಸಬೇಕಿತ್ತೇನ್ರೀ?" ಎಂದಳು. ಅಷ್ಟೇ. ಆಮೇಲೆ ಹುಳಿ ಸ್ಟೀಲಿನ ಬಟ್ಟಲಲ್ಲಿ, ಮೌನದ ಒಗ್ಗರಣೆಯೊಡನೆ ಬಂತು. ಸಂಸಾರದಲ್ಲಿ ಹುಳಿ ಹಿಂಡುವುದೆಂದರೆ ಏನೆಂದು ಕನ್ನಡ ಕಲಿತ ಇಷ್ಟು ಕಾಲದ ಮೇಲೆ ನನಗೆ ಅಕ್ಷರಶಃ ಅರ್ಥವಾಯಿತು. ನನ್ನ ಅನುಮಾನ ಸರಿಯಾಗಿತ್ತು ಎಂಬುದು ಆ ಊಟವನ್ನು ಒಂದಿಷ್ಟೂ ರುಚಿಗೊಳಿಸಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಗಿತ್ತು, ಮತ್ತು ಅದನ್ನು ಆ ಸಂಜೆ ಅವಳಿಗೆ ಹೇಳಿದೆ, ನಿಂಬೆಹಣ್ಣಿನ ಸಹಾಯವಿಲ್ಲದೆ. ಮುಂದಿನ ತರಗತಿಗೆ ಹೋದವಳು ಟೀಚರನ್ನು ಕೇಳಿಕೊಂಡು, ಊಟದ ಪಾತ್ರೆಗೆಂದೇ ಪರೀಕ್ಷೆಯಾಗಿ ಬಂದ ಬಿಳಿ ಮೆರುಗನ್ನು ಒಳಗೆ ಬಳಿದು, ತನ್ನ ಕಿತ್ತಳೆಯನ್ನು ಹೊರಮೈಗೆ ವರ್ಗಾವಣೆ ಮಾಡಿ, ಹೊಸ ಬಟ್ಟಲು ತಂದಳು.

ಈ ಸಲ ನಿಂಬೆಹಣ್ಣು ಕವುಚಿದವಳು ಅವಳೇ, ಊಟದ ಮೇಜಿನ ನಟ್ಟನಡುವೆ, ಜ್ಯೋತ್ಸ್ನಾಬೆನ್ ಅವರನ್ನೂ ಕರೆದು ಸಾಕ್ಷಿ ಮಾಡಿಕೊಂಡು. ಬಿಳಿ ಬಿಳಿಯಾಗಿಯೇ ಉಳಿಯಿತು. ಚಂದ್ರನಿರುವ ಹಳೆಯ ಬಟ್ಟಲಲ್ಲಿ ಈಗ ಮನೆಯ ಬೀಗದ ಕೈಗಳಿವೆ.

ಹೊಸ ಬಟ್ಟಲಲ್ಲಿ ಹುಳಿ ಬಡಿಸುತ್ತಿದ್ದವಳನ್ನು, ನನಗೂ ಒಂದು ಹೋಳು ಕವುಚಿ ಪರೀಕ್ಷಿಸುವುದಿಲ್ಲವೇ ಎಂದು ರೇಗಿಸಿದೆ. ಸೌಟನ್ನು ಪಾತ್ರೆಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮಗ್ಯಾತಕ್ಕೆ? ಮದುವೆಯಾದಾಗಿನಿಂದ ನನ್ನ ಕೈ ಹುಳಿ ತಿಂದಿದ್ದೀರಿ. ಬಿಡೋ ಬಣ್ಣವೆಲ್ಲ ಯಾವಾಗಲೋ ಬಿಟ್ಟಾಯ್ತು."

ಉಳಿದ ಅರ್ಧ ಹೋಳನ್ನು ನಾನು ಅವಳ ಎದುರಿಗೇ ಕೋಸಂಬರಿಗೆ ಹಿಂಡಿದೆ.