ದಡಕ್ಕೆ ಬಾರದ ದೋಣಿ

ಸಿಯುಕಿಮ್ ನಮ್ಮ ಪಕ್ಕದ ಮನೆಯವಳು. ಕಿನ್ಮೆನ್ ದ್ವೀಪದ ಉತ್ತರ ದಡದಲ್ಲಿ ಸಿಂಪಿ ಬಿಡಿಸಿ ಮಾರುತ್ತಿದ್ದ ವಿಧವೆ. ಎದುರಿನ ದಾದೆಂಗ್ ದ್ವೀಪ ಚೀನಾದ್ದು, ನಮ್ಮದು ಬೇರೆ ಸರ್ಕಾರ. ನಮ್ಮ ದಡದಲ್ಲಿ ನಿಂತರೆ ಅಲ್ಲಿಯ ಮನೆಗಳ ಹೊಗೆ ಕಾಣುತ್ತದೆ. ಅಲ್ಲಿಂದ ಬೀಹೋಂಗ್ ಎಂಬ ಹೆಂಗಸು ತನ್ನ ಸಣ್ಣ ದೋಣಿಯಲ್ಲಿ ಬೆಳ್ಳುಳ್ಳಿ, ಒಣ ಅಣಬೆ ತರುತ್ತಿದ್ದಳು. ಸಿಯುಕಿಮ್ ಅದನ್ನು ಕೊಂಡು ಊರಲ್ಲಿ ಮಾರುತ್ತಿದ್ದಳು. ಅದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ.

"ಏನಕ್ಕಾ, ಬೆಳ್ಳುಳ್ಳಿ ಇಷ್ಟು ಪುಟ್ಟದು? ನಿನ್ನ ಗಂಡನ ಹಲ್ಲೇ ಇದಕ್ಕಿಂತ ದೊಡ್ಡದಿರ್ಬೇಕು."

"ಅವನ ಹಲ್ಲು ಉದುರಿ ಮೂರು ವರ್ಷ ಆಯ್ತು ಕಣೆ. ತಗೊಳ್ಳೋದಾದ್ರೆ ತಗೋ, ನೀರು ಇಳಿಯೋಕೆ ಮುಂಚೆ ನಾನು ಹೊರಡ್ಬೇಕು."

ಎಂಟು ವರ್ಷ ಹೀಗೇ ನಡೆಯಿತು. ಒಬ್ಬರ ಮನೆ ಇನ್ನೊಬ್ಬರು ನೋಡಿರಲಿಲ್ಲ.

೨೦೦೧ರ ಜನವರಿಯಲ್ಲಿ ಎರಡು ಸರ್ಕಾರಗಳೂ ಒಪ್ಪಿ ಕಿನ್ಮೆನ್‌ನಿಂದ ಚೀನಾದ ಶಿಯಾಮೆನ್ ನಗರಕ್ಕೆ ಹಡಗು ಬಿಟ್ಟವು. ಬಂದರಿನಲ್ಲಿ ಪಟಾಕಿ ಹೊಡೆದರು. "ಇನ್ನು ಕದ್ದುಮುಚ್ಚಿ ಯಾಕೆ, ಅಕ್ಕ ನೆಟ್ಟಗೆ ನಮ್ಮನೆಗೇ ಬರ್ತಾಳೆ" ಎಂದು ಸಿಯುಕಿಮ್ ಕುಣಿದಾಡಿದಳು. ಆದರೆ ರಾಜಮಾರ್ಗ ತೆರೆದ ಮೇಲೆ ಕಾಲುದಾರಿಗೆ ಬೇಲಿ ಬಿತ್ತು. ಕಾವಲು ಬಿಗಿಯಾಯಿತು. ಮಾರ್ಚ್‌ನ ಒಂದು ಬೆಳಿಗ್ಗೆ ಬೀಹೋಂಗ್ ದಡಕ್ಕೆ ಇನ್ನೂರು ಮಾರು ದೂರ ಇರುವಾಗಲೇ ನಮ್ಮ ಕಡೆಯ ಕಾವಲು ದೋಣಿ ಅವಳನ್ನು ಅಡ್ಡಗಟ್ಟಿತು. ಸಿಯುಕಿಮ್ ಮೊಣಕಾಲುದ್ದ ನೀರಿಗಿಳಿದು ಕೂಗಿದಳು. ಅವರು ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಬೀಹೋಂಗ್ ವಾರದ ನಂತರ ಬರಿಗೈಲಿ ಊರು ಸೇರಿದಳಂತೆ. ದೋಣಿ ವಾಪಸು ಸಿಗಲಿಲ್ಲ.

ಏಪ್ರಿಲ್‌ನಲ್ಲಿ ಸಿಯುಕಿಮ್ ಪರವಾನಗಿ ಮಾಡಿಸಿದಳು. ಜೊತೆಗೆ ನಾನೂ ಹೋದೆ. ಹಡಗು, ಸಾಲು, ಮೊಹರು, ಎರಡು ಬಸ್ಸು. ಬೀಹೋಂಗ್ ಅರ್ಧ ಗಂಟೆಯಲ್ಲಿ ದಾಟುತ್ತಿದ್ದ ನೀರಿಗೆ ನಮಗೆ ಇಡೀ ಹಗಲು ಬೇಕಾಯಿತು. ಬೀಹೋಂಗ್ ಅಂಗಳದಲ್ಲಿ ಬೇರೆಯವರ ಬಲೆ ಹೆಣೆಯುತ್ತ ಕೂತಿದ್ದಳು.

"ನಿಮ್ಮೂರಿನವರೇ ಹಿಡಿದ್ರಲ್ಲೇ," ಎಂದಳು ಮೊದಲಿಗೆ.

"ನಾನೇನ್ ಮಾಡ್ಲಿ ಅಕ್ಕಾ? ಕೂಗ್ದೆ."

"ಕೇಳಿಸ್ತು. ನಿನ್ನ ಕೂಗಿಗೆ ಕಾಗೆನೂ ಹೆದರಲ್ಲ."

ಇಬ್ಬರೂ ನಕ್ಕರು. ಆಮೇಲೆ ಬೀಹೋಂಗ್ ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು ನಮಗೆ ಶಾವಿಗೆ ಬೇಯಿಸಿ ಬಡಿಸಿದಳು.

"ಈಗ ನೀನು ಬಾ, ಹಡಗಲ್ಲೇ ಬಾ," ಎಂದಳು ಸಿಯುಕಿಮ್.

"ಸಿಕ್ಕಿಬಿದ್ದವರ ಹೆಸರು ಬರ್ಕೊಂಡಿದ್ದಾರೆ. ನಂಗೆ ಪರವಾನಗಿ ಚೀಟಿ ಯಾರು ಕೊಡ್ತಾರೆ?"

ಹೊರಡುವಾಗ ಅವಳು ಹಿತ್ತಲಿನ ಕ್ಯಾರೆಟ್ ಒಂದು ಚೀಲ ತುಂಬಿಕೊಟ್ಟಳು. ನಮ್ಮ ಬಂದರಿನಲ್ಲಿ ತಪಾಸಣೆಯವನು ಅದನ್ನು ಪಕ್ಕಕ್ಕಿಟ್ಟ. "ತರಕಾರಿ ಬಿಡಲ್ಲ ಚಿಕ್ಕಮ್ಮ."

"ಎಂಟು ವರ್ಷ ಇದನ್ನ ಕೊಟ್ಟವಳ ತರಕಾರಿನೇ ಇಡೀ ಊರು ತಿಂದಿದೆಯಪ್ಪಾ. ನಿಮ್ಮಮ್ಮನೂ ತಿಂದಿರ್ತಾಳೆ," ಎಂದಳು ಸಿಯುಕಿಮ್.

"ತಿಂದಿರ್ಬಹುದು. ಈಗ ನಿಯಮ ಇದೆಯಲ್ಲ." ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಜಗಳವಾಡಲೂ ಅವಳಿಗೆ ಯಾರೂ ಸಿಗಲಿಲ್ಲ.

ಮಾರನೆಯ ವರ್ಷ ಸಿಯುಕಿಮ್ ಮತ್ತೆ ಹೋದಾಗ ಆ ಮನೆಗೆ ಬೀಗ ಬಿದ್ದಿತ್ತು. ಗಂಡನಿಗೆ ಒಳನಾಡಿನ ಯಾವುದೋ ಊರಿನ ಕಟ್ಟಡ ಕೆಲಸದಲ್ಲಿ ಕೂಲಿ ಸಿಕ್ಕಿ ಇಬ್ಬರೂ ಹೋದರೆಂದು ನೆರೆಯವರು ಹೇಳಿದರು. ಊರಿನ ಹೆಸರು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಹಡಗುಗಳು ಹೆಚ್ಚಿದವು, ಚೀಟಿ ಸುಲಭವಾಯಿತು. ಸಿಯುಕಿಮ್ ಮಾತ್ರ ಮತ್ತೆ ಹಡಗು ಹತ್ತಲಿಲ್ಲ. "ಯಾರ ಮನೆಗೆ ಅಂತ ಹೋಗ್ಲಿ?" ಎನ್ನುತ್ತಿದ್ದಳು.