ವತ್ಸಲಾಳ ಎಲ್ಕೋ ಲಕೋಟೆ

ವತ್ಸಲಾ ನನ್ನ ಬಳಿಗೆ ಮೊದಲ ಸಲ ಬಂದದ್ದು ಮಳೆಗೆ ಹೆದರಿ. ಆಮ್‌ಸ್ಟರ್‌ಡ್ಯಾಮಿನ ಅಂಚೆಚೀಟಿ ಸಂತೆಯಲ್ಲಿ ನನ್ನದೊಂದು ಮೇಜು, ಮೇಜಿನ ಮೇಲೊಂದು ದೊಡ್ಡ ಕೊಡೆ. ನನ್ನ ಸರಕಿಗಿಂತ ಆ ಕೊಡೆಯನ್ನು ಮೆಚ್ಚಿ ನಿಲ್ಲುವವರೇ ಜಾಸ್ತಿ. ಅಂಥವರ ಕೈಗೆ ಏನಾದರೂ ಕೊಡಬೇಕು. ಕೈ ಖಾಲಿಯಿದ್ದರೆ ಮಳೆ ನಿಂತ ಕೂಡಲೇ ಹೊರಟುಬಿಡುತ್ತಾರೆ. ಅವಳ ಕೈಗೆ ಅಮೆರಿಕದ ಒಂದು ಹಳೆಯ ಲಕೋಟೆ ಕೊಟ್ಟೆ.

ಅವಳು ಅದನ್ನು ಬೆಳಕಿಗೆ ಹಿಡಿದು, “ಒಳಗೆ ಏನೂ ಇಲ್ವಲ್ಲ” ಎಂದು ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದಳು.

“ಯಾವತ್ತೂ ಇರಲಿಲ್ಲ ಕಣಮ್ಮ” ಎಂದೆ.

ಕನ್ನಡ ಕೇಳಿ ಅವಳಿಗೆ ಖುಷಿಯಾಯಿತೋ, ಗೊಣಗಿದ್ದು ಸಿಕ್ಕಿಬಿತ್ತೆಂದು ನಾಚಿಕೆಯಾಯಿತೋ, ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ವ್ಯಾಪಾರಕ್ಕೆ ಒಳ್ಳೆಯದೇ. ಕೂರಿಸಿಕೊಂಡು ಕಥೆ ಹೇಳಿದೆ. ೧೯೨೬ರ ಸುಮಾರಿಗೆ ಅಮೆರಿಕದ ಸರ್ಕಾರ ವಿಮಾನದಲ್ಲಿ ಟಪಾಲು ಒಯ್ಯುವ ಕೆಲಸವನ್ನು ದಾರಿಗೊಂದರಂತೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಒಂದೊಂದು ದಾರಿ ತೆರೆದ ದಿನವೂ ಆ ದಾರಿಯ ಊರುಗಳ ಜನ ಖಾಲಿ ಲಕೋಟೆಗಳ ಮೇಲೆ ತಮ್ಮದೇ ವಿಳಾಸ ಬರೆದು ವಿಮಾನಕ್ಕೆ ಹಾಕಿದರು. ತಿಳಿಸಲು ಯಾರಿಗೂ ವಿಷಯವಿರಲಿಲ್ಲ, ಹಾರಿಸುವ ಆಸೆಯಷ್ಟೇ. ಹೊರಟ ಊರಿನ ಮುದ್ರೆ ಮುಂದೆ, ಮುಟ್ಟಿದ ಊರಿನ ಮುದ್ರೆ ಹಿಂದೆ. ನಾವು ಕೊಳ್ಳುವುದು, ಮಾರುವುದು ಅವುಗಳನ್ನೇ.

“ಅಂದ್ರೆ ನಡುವಿನ ಪ್ರಯಾಣಕ್ಕೆ ದುಡ್ಡು ಕೊಡ್ಬೇಕು” ಎಂದಳು.

ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ಗಿರಾಕಿಯಿಂದ ಲಾಭ ಕಡಿಮೆ ಎಂದು ನನಗೆ ಅಂದೇ ಅನ್ನಿಸಿತ್ತು.

ವತ್ಸಲಾ ತಿಪಟೂರಿನವಳು. ಅವಳು ಈಗ ಇರುವ, ಹತ್ತಿರದ ಲೈಡನ್ ಊರಿನ ವಿಜ್ಞಾನ ಪಾರ್ಕಿನ ಒಂದು ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳೊಳಗೆ ಜೀವಕೋಶಗಳನ್ನು ಸಾಕುವುದು ಅವಳ ಕೆಲಸ. ಗಂಡ ಕಿರಣ್ ದಾವಣಗೆರೆಯವನು, ಕಂಪ್ಯೂಟರ್ ಮುಂದೆ ಕೂತು ಜಗತ್ತಿನ ಮೂರು ಮೂಲೆಗಳಿಗೆ ಉತ್ತರ ಹೇಳುವವನು. ಅವಳು ಶನಿವಾರ ರೈಲಿನಲ್ಲಿ ಬರುವಳು. ಬೆಲೆ ಕೇಳುವುದೇ ಇಲ್ಲ. ಲಕೋಟೆಯನ್ನು ತಿರುಗಿಸಿ, “ಮೂಲೆ ಮಡಚಿದೆ” ಎನ್ನುವಳು. “ಅಂಚೆಚೀಟಿಯ ಅಂಚಿನ ಒಂದು ಹಲ್ಲು ಮುರಿದಿದೆ” ಎನ್ನುವಳು. ಆಮೇಲೆ ಸುಮ್ಮನಾಗಿಬಿಡುವಳು. ಆ ಮೌನಕ್ಕೆ ಹೆದರಿ ನಾನೇ ಬೆಲೆ ಇಳಿಸಿದ್ದುಂಟು. ಇಳಿಸಿದ ಮೇಲೂ ಬಿಡುತ್ತಿರಲಿಲ್ಲ.

“ತ್ಯಾಗರಾಜ್ ಅಂಕಲ್, ಹೆಸರಲ್ಲಿರೋದನ್ನ ಸ್ವಲ್ಪ ರೇಟಲ್ಲೂ ತೋರ್ಸಿ.”

“ಹೆಸರು ಇಟ್ಟೋರು ನಮ್ಮಪ್ಪ. ರೇಟು ಇಡೋನು ನಾನು.”

ದೊಡ್ಡ ಊರುಗಳ ದಾರಿಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಅವಳು ಆರಿಸಿಕೊಂಡದ್ದು ಯಾರೂ ಕೇಳದ ಒಂದು ದಾರಿ: ನೆವಾಡದ ಬಯಲು ಊರು ಎಲ್ಕೋದಿಂದ ಬಾಯ್ಸಿ ಎಂಬ ಊರಿನ ಮೇಲೆ ಹಾದು, ವಾಷಿಂಗ್ಟನ್ ರಾಜ್ಯದ ಪಾಸ್ಕೋ ಎಂಬ ಸಣ್ಣ ಊರಿನವರೆಗೆ. ಪಾಸ್ಕೋದಿಂದ ಇಳಿದು ಬಂದ ಮೊದಲ ದಿನದ ಟಪಾಲು ಸರಾಗವಾಗಿ ಬಂತು. ಆ ಲಕೋಟೆಗಳು ಸಿಗುತ್ತವೆ, ಅವಳು ಕೂಡಿಸಿದ್ದಳು. ಎಲ್ಕೋದಿಂದ ಮೇಲಕ್ಕೆ ಹೊರಟ ಪೈಲಟ್ ಮಾತ್ರ ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿ, ಎಲ್ಲೋ ಕೆಸರಿನಲ್ಲಿ ವಿಮಾನ ಇಳಿಸಿ, ಕುದುರೆಯ ಸಹಾಯದಿಂದ ಟಪಾಲಿನ ಚೀಲ ಸಾಗಿಸಿದ ಎನ್ನುತ್ತಾರೆ. ಹಾಗಾಗಿ ಆ ಲಕೋಟೆಗಳ ಬೆನ್ನಿನ ಮೇಲೆ ತಡವಾದ ತಾರೀಖಿದೆ. ವತ್ಸಲಾಳ ಸಂಗ್ರಹದಲ್ಲಿ ಇಲ್ಲದ್ದು ಅದೊಂದೇ. ವರ್ಷಗಟ್ಟಲೆ ಹುಡುಕಿಸಿದಳು. ಸಂತೆಗೆ ಬಂದರೆ ನಮಸ್ಕಾರಕ್ಕಿಂತ ಮೊದಲು ಎಲ್ಕೋ.

ಅದು ಸಿಕ್ಕಿದ್ದು ೨೦೨೦ರಲ್ಲಿ, ಜಗತ್ತೇ ಬಾಗಿಲು ಹಾಕಿಕೊಂಡ ವಸಂತದಲ್ಲಿ. ಸಂತೆ ನಿಂತಿತ್ತು. ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪ್‌ನ ನನ್ನ ಮನೆಯ ಮೇಲೆ ನಿಮಿಷಕ್ಕೊಂದು ವಿಮಾನ ಹಾರುವುದು ನಿಂತು, ಪಕ್ಕದ ಮನೆಯವರು ಚಮಚ ಅಲ್ಲಾಡಿಸುವುದು ಕೇಳುತ್ತಿತ್ತು. ಅಂಥದ್ದರಲ್ಲಿ ಅಮೆರಿಕದ ಒಬ್ಬ ವ್ಯಾಪಾರಿಯಿಂದ ನನಗೆ ಬಂದ ಪೆಟ್ಟಿಗೆಯೊಳಗೆ ಎಲ್ಕೋ ಕೂತಿತ್ತು. ಅಂದು ಅದನ್ನು ವಿಮಾನಕ್ಕೆ ಹಾಕಿದವನು ಎಲ್ಕೋದಲ್ಲಿ ಕುದುರೆಯ ಜೀನು, ಲಗಾಮು ಮಾರುವ ಅಂಗಡಿಯವ. ಮೂಲೆಯಲ್ಲಿ ತನ್ನ ಅಂಗಡಿಯ ರಬ್ಬರ್ ಮೊಹರನ್ನು ನೇರಳೆ ಶಾಯಿಯಲ್ಲಿ ಚಂದವಾಗಿ ಒತ್ತಿದ್ದ. ಬೆನ್ನಿನ ಮೇಲೆ ಪಾಸ್ಕೋದ ಕಪ್ಪು ಮುದ್ರೆ, ಬೇಕಾದ ತಾರೀಖು. ರಟ್ಟು, ಪ್ಲಾಸ್ಟಿಕ್, ಮತ್ತೆ ರಟ್ಟು ಹೊದಿಸಿ ಲೈಡನ್ನಿಗೆ ಅಂಚೆಯಲ್ಲಿ ಕಳಿಸಿದೆ.

ವತ್ಸಲಾಳ ಮನೆಯ ಬಾಗಿಲು ಆಗ ಹಾಲಪ್ಪನವರ ಸುಪರ್ದಿಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಹಾಲಪ್ಪನವರು ಕಿರಣ್‌ನ ತಂದೆ. ದಾವಣಗೆರೆ ನಗರಸಭೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಹೋಟೆಲುಗಳ ಚರಂಡಿ, ಮಿಠಾಯಿಯ ಬಣ್ಣ, ಸೋಡಾ ಅಂಗಡಿಯ ನೀರು, ಇವುಗಳನ್ನು ಜೀವಮಾನವಿಡೀ ಅನುಮಾನದಿಂದ ನೋಡಿದವರು. ಟ್ಯೂಲಿಪ್ ನೋಡಿಕೊಂಡು ಹೋಗುತ್ತೇನೆ ಎಂದು ಬಂದವರಿಗೆ ಟ್ಯೂಲಿಪ್ ತೋಟವೂ ಮುಚ್ಚಿತು, ವಾಪಸು ಹೋಗುವ ವಿಮಾನವೂ ನಿಂತಿತು. ಉಳಿದದ್ದು ಸೋಂಕು. ಅದು ಅವರಿಗೆ ಗೊತ್ತಿದ್ದ ವಿಷಯ. ಹಾಲಿನ ಡಬ್ಬಿ, ಬಾಳೆಹಣ್ಣು, ಬೀಗದ ಕೈ, ಎಲ್ಲಕ್ಕೂ ಸ್ಪಿರಿಟ್ ಹೊಡೆದು ಒಳಗೆ ಬಿಡುತ್ತಿದ್ದರು. ವತ್ಸಲಾ ಪ್ರಯೋಗಾಲಯದಿಂದ ಬಂದರೆ ಅವಳ ಸೈಕಲ್ಲಿಗೂ ಹೊಡೆಯುತ್ತಿದ್ದರು. ಸೊಸೆ ನಗುತ್ತ ಕೈ ಮುಂದೆ ಹಿಡಿಯುತ್ತಿದ್ದಳು. ಮಾವನಿಗೆ ಮಾಡಲು ಒಂದು ಕೆಲಸ ಸಿಕ್ಕಿತೆಂದು ಅವಳಿಗೆ ಸಮಾಧಾನ.

ನನ್ನ ಪೊಟ್ಟಣ ಬಂದಾಗ ವತ್ಸಲಾ ಕೆಲಸಕ್ಕೆ ಹೋಗಿದ್ದಳು, ಕಿರಣ್ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದ. ಹಾಲಪ್ಪನವರು ಹೊರಗಿನ ರಟ್ಟು ತೆಗೆದು ಕಸಕ್ಕೆ ಹಾಕಿದರು. ಪ್ಲಾಸ್ಟಿಕ್ ತೆಗೆದರು. ಒಳಗಿನ ರಟ್ಟೂ ತೆಗೆದರು. ನನ್ನ ಕಟ್ಟುವಿಕೆಗೆ ಇಷ್ಟು ಗಮನ ಯಾರೂ ಕೊಟ್ಟಿರಲಿಲ್ಲ. ಕೊನೆಗೆ ಸಿಕ್ಕಿದ ಹಳೆಯ, ಹಳದಿ ತಿರುಗಿದ, ಎಲ್ಲೆಲ್ಲಿ ಓಡಾಡಿ ಬಂತೋ ತಿಳಿಯದ ಕಾಗದವನ್ನು ಕಂಡು ಅವರಿಗೆ ಇದೇ ಎಲ್ಲಕ್ಕಿಂತ ಅಪಾಯದ್ದು ಅನ್ನಿಸಿತು. ಎರಡೂ ಬದಿಗೆ ಚೆನ್ನಾಗಿ ಸ್ಪಿರಿಟ್ ಹೊಡೆದು, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಕ್ಲಿಪ್ ಹಾಕಿ ಬಿಸಿಲಿಗೆ ಇಟ್ಟರು.

ರಬ್ಬರ್ ಮೊಹರಿನ ನೇರಳೆ ಶಾಯಿಗೆ ಸ್ಪಿರಿಟ್ ಎಂದರೆ ಆಗದು. ಜೀನಿನ ಅಂಗಡಿಯವ ಹೆಸರು, ವಿಳಾಸ ಸಮೇತ ಕರಗಿ, ಲಕೋಟೆಯ ಅರ್ಧಕ್ಕೆ ಮೋಡದಂತೆ ಹರಡಿದ.

ಸಂಜೆ ವತ್ಸಲಾ ಅದನ್ನು ನೋಡಿದಳು. ಬಾಯಿಂದ ಬಂದದ್ದು ಇಷ್ಟೇ: “ಒಣಗಿದೆಯಾ ಮಾವ?” ಆದರೆ ಮುಖಕ್ಕೆ ಕ್ಲಿಪ್ ಹಾಕಿ ಹಿಡಿಯಲಾಗುವುದಿಲ್ಲ. ಮಿಠಾಯಿಯ ಬಣ್ಣ ಕಂಡುಹಿಡಿಯುತ್ತಿದ್ದ ಮನುಷ್ಯ ಆ ಮುಖದ ಬಣ್ಣವನ್ನೂ ಕಂಡರು. ಮಗನನ್ನು ಕೇಳಿದರು. ಕಿರಣ್ ಬುದ್ಧಿವಂತ, ಲಕೋಟೆಯ ಬೆಲೆ, ವರ್ಷಗಟ್ಟಲೆಯ ಹುಡುಕಾಟ ಎಲ್ಲ ಸೇರಿಸಿ ಅಪ್ಪ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ.

ಮರುದಿನದಿಂದ ಹಾಲಪ್ಪನವರು ಸ್ಪಿರಿಟ್ ಬಾಟಲಿ ಮುಟ್ಟಲಿಲ್ಲ. ಕರೆಗಂಟೆ ಬಾರಿಸಿದರೂ ಕೋಣೆಯಿಂದ ಹೊರಗೆ ಬರಲಿಲ್ಲ. ತಮ್ಮ ತಟ್ಟೆ ತಾವೇ ತೊಳೆದಿಟ್ಟು, “ಆ ಸ್ಪೆಷಲ್ ವಿಮಾನಕ್ಕ ನನ್ನ ಹೆಸರು ಹಾಕಿಬಿಡಪ್ಪ” ಎಂದರು. ಊರಿಗೆ ಜನರನ್ನು ಒಯ್ಯುವ ವಿಶೇಷ ವಿಮಾನಗಳು ಆಗಷ್ಟೇ ಶುರುವಾಗಿದ್ದವು. ಅಲ್ಲಿಯ ಪರಿಸ್ಥಿತಿ ಇಲ್ಲಿಗಿಂತ ಚೆನ್ನಾಗಿರಲಿಲ್ಲ. ಹೋದರೆ ಬೀಗ ಹಾಕಿದ ಮನೆಯಲ್ಲಿ ಒಬ್ಬರೇ.

ವತ್ಸಲಾ ನನಗೆ ಫೋನು ಮಾಡಿದಳು. “ಅಂಕಲ್, ನೀವು ಬಂದು ಮಾವನ ಹತ್ರ ಒಂದ್ ಮಾತು ಹೇಳ್ಬೇಕು.”

“ಏನಂತ?”

“ಆ ಲಕೋಟೆ ಏನೂ ಅಂಥ ದೊಡ್ಡದಲ್ಲ ಅಂತ. ಬೀದೀಲಿ ಸಿಗುತ್ತೆ ಅಂತ.”

“ನನ್ನ ಸರಕನ್ನ ನಾನೇ ಕಳಪೆ ಅನ್ಬೇಕಾ?”

“ಪ್ಲೀಸ್ ಅಂಕಲ್. ನಂಗೆ ಕೊಡುವಾಗ ಹೇಳ್ಲಿಲ್ಲ, ಈಗಾದ್ರೂ ಹೇಳಿ. ಅವ್ರು ತಪ್ಪು ಮಾಡ್ದೆ ಅಂದ್ಕೊಂಡು ಇಲ್ಲಿಂದ ಹೋದ್ರೆ ಮತ್ತೆ ಬರಲ್ಲ. ನಂಗೊತ್ತು ಅವ್ರು.”

ಹೋದೆ. ಮನೆಯ ಹಿಂದಿನ ಪುಟ್ಟ ತೋಟದಲ್ಲಿ, ಕಲ್ಲು ಹಾಸಿನ ಮೇಲೆ ಸೀಮೆಸುಣ್ಣದ ಗೆರೆಯೊಂದಿತ್ತು. ಒಳ್ಳೆಯ ದಿನಗಳಲ್ಲಿ ಹಾಲಪ್ಪನವರೇ ಎಳೆದದ್ದು. ನಾನು ಗೆರೆಯ ಆಚೆ, ಅವರು ಈಚೆ, ನಡುವೆ ಸರ್ಕಾರ ಹೇಳಿದ ಒಂದೂವರೆ ಮೀಟರು. ಲಕೋಟೆ ತರಿಸಿ, ಮೂಗು ಮುರಿದು, ಇದು ತೀರಾ ಸಾಮಾನ್ಯದ್ದು, ಇಂಥವು ನನ್ನ ಮನೆಯಲ್ಲಿ ರಾಶಿ ಬಿದ್ದಿವೆ, ಕಾಗದವೂ ಒಳ್ಳೆಯದಲ್ಲ ಎಂದೆ. ಅಭ್ಯಾಸವಿಲ್ಲದ ಕೆಲಸ, ಬೆವರು ಬಂತು.

ಹಾಲಪ್ಪನವರು ಪೂರ್ತಿ ಕೇಳಿಸಿಕೊಂಡರು.

“ನೋಡ್ರಿ” ಎಂದರು. “ಸರ್ವೀಸಿನಾಗ ಎಷ್ಟು ಅಂಗಡಿ ನೋಡೇನಿ. ಅಂಗಡಿಯವ ತನ್ನ ಮಾಲು ಚಲೋ ಐತಿ ಅಂದ್ರ ನಾ ಮುಂದಕ್ಕ ಹೋಗ್ತಿದ್ದೆ. ಏನೂ ಸುಖ ಇಲ್ರಿ ಸಾಹೇಬ್ರ ಅಂದ ಅಂದ್ರ ಅಲ್ಲೇ ನಿಂತು ಸ್ಯಾಂಪಲ್ ತಗೀತಿದ್ದೆ.” ವತ್ಸಲಾಳ ಕಡೆ ತಿರುಗಿದರು. “ಇವರನ್ನ ನೀನ ಕರೆಸಿದ್ದಿ.”

ವತ್ಸಲಾ ನೆಲ ನೋಡಿದಳು. ನಾನು ಗೆರೆ ನೋಡಿದೆ.

“ಹೌದು ಮಾವ.”

“ನಂಗ ಸಮಾಧಾನ ಆಗ್ಲಿ ಅಂತ.”

“ಹೂಂ.”

“ಈಗ ಖರೇ ಹೇಳು. ಬ್ಯಾಸರ ಆತಿಲ್ಲ?”

“ಆಯ್ತು ಮಾವ. ತುಂಬಾ ಆಯ್ತು. ಸಂಜೆ ಬಾತ್‌ರೂಮಲ್ಲಿ ಅತ್ತೆ.” ಅವಳು ಲಕೋಟೆಯನ್ನು ತಿರುಗಿಸಿ ಬೆನ್ನು ತೋರಿಸಿದಳು. “ಆದ್ರೆ ನಾನು ಹುಡುಕ್ತಿದ್ದಿದ್ದು ಈ ತಾರೀಖು. ಇದು ಅಲ್ಲಾಡಿಲ್ಲ. ಅಂಚೆಯೋರ ಕಪ್ಪು ಶಾಯಿ, ನಿಮ್ಮ ಸ್ಪಿರಿಟ್ಟಿಗೆ ಬಗ್ಗಲಿಲ್ಲ.”

ಸುಳ್ಳು ಮುಗಿದ ಮೇಲೆ ನನಗೂ ಮಾತು ಸಲೀಸಾಯಿತು. ಲಕೋಟೆ ಅಪರೂಪದ್ದೇ ಎಂದು ಒಪ್ಪಿಕೊಂಡೆ. ನಮ್ಮ ಕಸುಬಿನ ಇನ್ನೊಂದು ಸಂಗತಿಯನ್ನೂ ಹೇಳಿದೆ. ಹಿಂದೆ ಪ್ಲೇಗು, ಕಾಲರಾ ಬಂದಾಗ ಯುರೋಪಿನ ಬಂದರುಗಳಲ್ಲಿ ಟಪಾಲನ್ನು ಹಾಗೇ ಒಳಗೆ ಬಿಡುತ್ತಿರಲಿಲ್ಲ. ಚಿಮಟದಲ್ಲಿ ಹಿಡಿದು, ಲಕೋಟೆಗೆ ಸೀಳು ಹಾಕಿ, ವಿನೆಗರಿನಲ್ಲಿ ಅದ್ದಿ, ಗಂಧಕದ ಹೊಗೆ ಕೊಟ್ಟು ಆಮೇಲೆ ಹಂಚುತ್ತಿದ್ದರು. ಕಲೆಯಾದ, ಸುಟ್ಟ, ಸೀಳಿದ ಆ ಕಾಗದಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರ ಒಂದು ಪಂಗಡವೇ ಇದೆ.

ಹಾಲಪ್ಪನವರು ಕುರ್ಚಿಯ ತುದಿಗೆ ಬಂದರು. “ವಿನೆಗರ್ರಾ? ನಮ್ಮದು ಬ್ಲೀಚಿಂಗ್ ಪೌಡರ್ ಇತ್ತು. ಹೊಗೆ ಕೊಟ್ಟಿದ್ದು ಖರೇ ಅಂತ ಮುಂದಿನವರಿಗೆ ಹೆಂಗ ಗೊತ್ತಾಗ್ತಿತ್ತು?”

“ಮೊಹರು ಒತ್ತುತ್ತಿದ್ದರು. ಕೆಲವು ಕಡೆ, ಒಳಗೂ ಹೊರಗೂ ಶುದ್ಧ ಅಂತ.”

ಅವರು ಸೊಸೆಯ ಕೈಯಿಂದ ಲಕೋಟೆ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. “ಅಂದ್ರ ನಾ ಮಾಡಿದ ಕೆಲಸ ತಪ್ಪಲ್ಲ. ಅರ್ಧಕ್ಕ ಬಿಟ್ಟೇನಿ. ದೃಢೀಕರಣ ಆಗಿಲ್ಲ.”

“ಆಗಿಲ್ಲ ಮಾವ” ಎಂದಳು ವತ್ಸಲಾ, ನಗು ತಡೆದುಕೊಂಡು. “ಅದಿಲ್ದೆ ಆಲ್ಬಮ್ಮಿಗೆ ಹಾಕೋಕಾಗಲ್ಲ. ನಿಮ್ಮಿಂದಾನೇ ನಿಂತಿದೆ.”

ಕಿರಣ್ ಹಸಿರು ಪೆನ್ನು ತಂದುಕೊಟ್ಟ. ಅವರು ಅದನ್ನು ಹಿಂದಕ್ಕೆ ಕೊಟ್ಟರು. “ಹಸಿರು ಗೆಜೆಟೆಡ್ ಅಧಿಕಾರಿಗಳಿಗಪ್ಪ. ನಂಗ ನೀಲಿ.” ಲಕೋಟೆಯ ಮೇಲೆ ಬರೆದುಬಿಡುತ್ತಾರೇನೋ ಎಂದು ಗೆರೆಯ ಮೇಲೆ ಕಾಲಿಟ್ಟೆ, ಬರೆದದ್ದು ಬೇರೆ ಚೀಟಿಯ ಮೇಲೆ, ಸರ್ಕಾರಿ ದುಂಡಕ್ಷರದಲ್ಲಿ: “ಒಳಗೂ ಹೊರಗೂ ಶುದ್ಧ. ಹಾಲಪ್ಪ, ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್, ದಾವಣಗೆರೆ ನಗರಸಭೆ. ಮೊಕ್ಕಾಂ ಲೈಡನ್.” ವತ್ಸಲಾ ಆಲ್ಬಮ್ಮಿನ ಹಾಳೆಯಲ್ಲಿ ಮೇಲೆ ಲಕೋಟೆ, ಕೆಳಗೆ ಚೀಟಿ ಸೇರಿಸಿದಳು. ಅವಳು ಅವುಗಳ ಮೂಲೆಗಳನ್ನು ಹಾಳೆಗೆ ಕೂರಿಸುವಾಗ ಮಾವ ಪಕ್ಕದಲ್ಲಿ ನಿಂತು, ಚೀಟಿ ಸೊಟ್ಟಗಿದೆ ಎಂದು ಎರಡು ಸಲ ತೆಗೆಸಿದರು.

ವಿಮಾನದಲ್ಲಿ ಸೀಟು ಸಿಕ್ಕಿತು. ಅವರು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಬೇಸಿಗೆಯಿಡೀ ಉಳಿದರು. ಬಾಗಿಲಿನ ಅಧಿಕಾರ ಮತ್ತೆ ಅವರದೇ ಆಯಿತು, ಒಂದು ತಿದ್ದುಪಡಿಯೊಂದಿಗೆ: ಹಾಲಿನ ಡಬ್ಬಿಗೆ ಸ್ಪಿರಿಟ್, ಟಪಾಲಿಗೆ ಬರೀ ಬಿಸಿಲು. ತಪಾಸಣೆಯ ವ್ಯಾಪ್ತಿ ಬಾಡ್‌ಹೂವೆಡಾರ್ಪ್‌ಗೂ ವಿಸ್ತರಿಸಿತು. ಬೆಳಗ್ಗೆ ಕಾಫಿ ಹೊತ್ತಿಗೆ ಫೋನು ಬರುತ್ತಿತ್ತು: “ಜ್ವರ ಐತೇನ್ರಿ? ನಾಲಿಗೆ ರುಚಿ ಹತ್ತತೈತಿಲ್ಲ?” ಒಬ್ಬನೇ ಇದ್ದ ನನ್ನನ್ನು ಆ ದಿನಗಳಲ್ಲಿ ಹಾಗೆ ಕೇಳುತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಒಮ್ಮೆ ಜ್ವರ ಬಂದೇಬಿಟ್ಟಿತು. ಅದು ಇಳಿಯುವ ತನಕ ಕಿರಣ್ ಬಾಗಿಲ ಮುಂದೆ ಸಾರು ಅನ್ನ ಇಟ್ಟು, ದೂರ ನಿಂತು ಕೈ ಬೀಸಿ ಹೋಗುತ್ತಿದ್ದ. ಕಳಿಸುತ್ತಿದ್ದವಳು ವತ್ಸಲಾ.

ಋಣ ತೀರಿಸಲು ನನಗೆ ಗೊತ್ತಿರುವುದು ಸರಕಿನ ದಾರಿಯೊಂದೇ. ಮರುವರ್ಷ ಸಂತೆ ಮತ್ತೆ ತೆರೆದಿತ್ತು. ಬಹಳ ಅಲೆದು ಇನ್ನೊಂದು ಎಲ್ಕೋ ಹುಡುಕಿದೆ: ಅದೇ ಬಿರುಗಾಳಿಯದು, ಬೆನ್ನಿನ ಮೇಲೆ ಅದೇ ತಾರೀಖು, ಒಂದು ಕಲೆಯೂ ಇಲ್ಲ. ಶನಿವಾರ ಕೊಡೆಯ ಕೆಳಗೆ ಅವಳ ಕೈಗೆ ಕೊಟ್ಟೆ. ಹಿಂದೆ ಮುಂದೆ ನೋಡಿದಳು. ಮೂಲೆ ನೋಡಿದಳು, ಹಲ್ಲು ನೋಡಿದಳು. ತಪ್ಪು ಸಿಗಲಿಲ್ಲ. ಅಂಥದ್ದು ಅದೇ ಮೊದಲು.

“ಚೆನ್ನಾಗಿದೆ” ಎಂದು ವಾಪಸು ಕೊಟ್ಟಳು. “ಬೇಡ ಅಂಕಲ್.”

“ರೇಟು ನಾನಿನ್ನೂ ಹೇಳೇ ಇಲ್ಲ. ಹೇಳೋದೂ ಇಲ್ಲ. ಇಟ್ಕೋ.”

“ಅಯ್ಯೋ, ಹುಷಾರಾಗಿದೀರಾ? ನಾಲಿಗೆ ರುಚಿ ಹತ್ತುತ್ತಾ?” ಎಂದು ಮಾವನ ಧಾಟಿಯಲ್ಲೇ ಕೇಳಿದಳು. ಆಮೇಲೆ, “ಇದು ಪಾಸ್ಕೋ ತನಕ ಹೋಗಿ ಅಲ್ಲೇ ನಿಂತಿದೆ ಅಂಕಲ್. ನಂದು ಮಾವನ ಚೀಟಿ ಹಿಡ್ಕೊಂಡು ಲೈಡನ್ ತನಕ ಬಂದಿದೆ. ಅದರ ಜಾಗದಲ್ಲಿ ಇದನ್ನ ಹೆಂಗೆ ಇಡ್ಲಿ?”

ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ದಾವಣಗೆರೆಯಿಂದ ಯಾರದೋ ಕೈಯಲ್ಲಿ ಬಂದ ಖಾರ ಮಂಡಕ್ಕಿ, ನನ್ನ ಹೆಸರಿಗೆ. ಮೇಲೆ ನೀಲಿ ಶಾಯಿಯ ಚೀಟಿ: ಒಳಗೂ ಹೊರಗೂ ಶುದ್ಧ. ಕೆಳಗೆ ಸಹಿ. ಈ ಸಲ ಮೊಕ್ಕಾಂ ದಾವಣಗೆರೆ.

ಮಳೆ ಬಂತು. ಇಬ್ಬರೂ ಕೊಡೆಯ ಕೆಳಗೆ ಕೂತು ಪೊಟ್ಟಣ ಬಿಚ್ಚಿದೆವು. ಚೀಟಿಯನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ, ಅದು ಮಾರಾಟಕ್ಕಿಲ್ಲ. ಕಲೆಯಿಲ್ಲದ ಎಲ್ಕೋ ಲಕೋಟೆ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ. ಕೇಳಿದವರಿಗೆ ತೋರಿಸುತ್ತೇನೆ, ತೋರಿಸುವಾಗ ವತ್ಸಲಾಳ ಲಕೋಟೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಕೇಳಿಸಿಕೊಂಡವರೆಲ್ಲ ಆ ಇನ್ನೊಂದನ್ನೇ ಕೊಡಿ ಎನ್ನುತ್ತಾರೆ.